ತಳಂಗರೆಯ ಮಾಲಿಕ್ ದೀನಾರ್ ಬಸ್ರಾದವರೇ?

ಕೊಡಗಿನ ಮೂರ್ನಾಡು, ನಾಪೋಕ್ಲು ಕಡೆಯ ಮುಸ್ಲಿಮರ ನಡುವೆ ಮಾಲಿಕ್ ದೀನಾರ್ ಎಂಬ ಹೆಸರು ಎರಡು ದಾರಿಯಿಂದ ಬರುತ್ತದೆ. ಮತಪ್ರವಚನಕ್ಕೆ ಬಂದ ಉಸ್ತಾದರು ಹೇಳುವ ಮಾಲಿಕ್ ದೀನಾರ್ ಇರಾಕಿನ ಬಸ್ರಾದವರು. ಕುಡಿತಕ್ಕೆ ಬಿದ್ದಿದ್ದ ಪಹರೆಯ ಸಿಪಾಯಿ, ಮುದ್ದಿನ ಮಗಳು ತೀರಿಕೊಂಡ ಮೇಲೆ ಕಂಡ ಒಂದು ಕನಸಿಗೆ ಬೆಚ್ಚಿ ತೌಬಾ ಮಾಡಿ ವಿರಾಗಿಯಾದವರು. ಇನ್ನೊಬ್ಬ ಮಾಲಿಕ್ ದೀನಾರ್ ಕಾಸರಗೋಡಿನ ತಳಂಗರೆಯವರು. ಅವರ ಪಳ್ಳಿಗೆ (ಮಸೀದಿಗೆ) ಹರಕೆ ಹೊತ್ತವರು ಸಂಪಾಜೆ ಘಾಟಿ ಇಳಿದು, ಸುಳ್ಯ, ಜಾಲ್ಸೂರು, ಚೆರ್ಕಳ ಹಾದು ಹೋಗುತ್ತಾರೆ. ಹೋಗುವವರ ಮನಸ್ಸಿನಲ್ಲಿ ಈ ಇಬ್ಬರೂ ಒಬ್ಬರೇ. ಚರಿತ್ರೆ ಬರೆಯುವವರಲ್ಲಿ ಮಾತ್ರ ಈ ಬಗ್ಗೆ ನಾನ್ನೂರು ವರ್ಷಗಳಿಗೂ ಮೇಲ್ಪಟ್ಟು ತಕರಾರಿದೆ. ಆ ತಕರಾರನ್ನು ಮೊದಲು ತೆಗೆದವರು ಹೊರಗಿನವರಲ್ಲ, ಮಲಬಾರಿನ ದೊಡ್ಡ ಮುಸ್ಲಿಂ ಧರ್ಮಶಾಸ್ತ್ರಜ್ಞರೇ ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಪ್ರಶ್ನೆ ಒಂದೇ ಅಲ್ಲ, ಅದರೊಳಗೆ ಮೂರಿವೆ. ಬಸ್ರಾದ ಮಾಲಿಕ್ ಬಿನ್ ದೀನಾರ್ ಯಾರು? ಅವರು ನಮ್ಮ ಕರಾವಳಿಗೆ ಬಂದಿದ್ದರೇ? ಬಂದಿರದಿದ್ದರೆ ಕರಾವಳಿ ಅವರನ್ನೇ ಏಕೆ ತನ್ನ ಮೂಲಪುರುಷನನ್ನಾಗಿ ಮಾಡಿಕೊಂಡಿತು? ವಿದ್ವಾಂಸರ ಜಗಳವೆಲ್ಲ ಬಹುಕಾಲ ಎರಡನೆಯ ಪ್ರಶ್ನೆಯ ಸುತ್ತಲೇ ನಡೆಯಿತು. ನನ್ನ ಮಟ್ಟಿಗೆ ಹೆಚ್ಚು ಹುರುಳಿರುವುದು ಮೂರನೆಯದರಲ್ಲಿ.

ಬಸ್ರಾದ ಲಿಪಿಕಾರ

ಮಾಲಿಕ್ ಬಿನ್ ದೀನಾರ್ ಇದ್ದದ್ದು ನಿಜ. 845ರಲ್ಲಿ ತೀರಿಕೊಂಡ ಇಬ್ನ್ ಸಅದ್ ತಮ್ಮ ‘ತಬಕಾತ್’ನಲ್ಲಿ ಅವರ ಬಗ್ಗೆ ಕೆಲವೇ ಸಾಲು ಬರೆದಿದ್ದಾರೆ: ಬನೂ ಸಾಮಾ ಕುಲದ ಒಬ್ಬ ಹೆಂಗಸಿನ ಆಶ್ರಯದಲ್ಲಿದ್ದ ಮೌಲಾ, ನಂಬಿಕಸ್ಥ, ಹೆಚ್ಚು ಹದೀಸ್ ಹೇಳಿದವರಲ್ಲ, ಕುರ್‌ಆನ್ ಪ್ರತಿ ಬರೆಯುತ್ತಿದ್ದವರು. ಮೌಲಾ ಎಂದರೆ ಅರಬ ಕುಲದಲ್ಲಿ ಹುಟ್ಟದೆ, ಅರಬರ ಆಶ್ರಯದಲ್ಲಿ ನಿಂತವರು. ತೀರಿಕೊಂಡದ್ದು ಹಿಜರಿ 127ರಲ್ಲಿ ಎಂದು ಕೆಲವರು, 130ರಲ್ಲಿ ಎಂದು ಕೆಲವರು ಹೇಳುತ್ತಾರೆ. ಹೇಗೆ ನೋಡಿದರೂ ಕ್ರಿ.ಶ. 744ರಿಂದ 748ರ ಒಳಗೆ.

ನಂತರದ ಚರಿತ್ರಕಾರರು ಒಂದೊಂದಾಗಿ ಕಥೆ ಸೇರಿಸುತ್ತ ಹೋದರು. 1038ರಲ್ಲಿ ತೀರಿಕೊಂಡ ಅಬೂ ನುಅಯಿಂ ತಮ್ಮ ‘ಹಿಲ್ಯತುಲ್ ಔಲಿಯಾ’ದಲ್ಲಿ ಅವರಿಗೆ ಉದ್ದನೆಯ ಅಧ್ಯಾಯವನ್ನೇ ಕೊಟ್ಟರು. 14ನೇ ಶತಮಾನದ ದಮಾಸ್ಕಸಿನ ಇತಿಹಾಸಕಾರ ಅದ್ದಹಬಿ ದಾಖಲಿಸಿದ ಒಂದು ವಿವರ ನನಗೆ ಬಹಳ ಮುಖ್ಯವೆನಿಸುತ್ತದೆ. ಮಾಲಿಕ್ ನಾಲ್ಕು ತಿಂಗಳಿಗೆ ಒಂದು ಕುರ್‌ಆನ್ ಪ್ರತಿ ಬರೆದು ಮುಗಿಸುತ್ತಿದ್ದರಂತೆ. ಕೂಲಿಯ ಹಣವನ್ನು ಕೈಯಲ್ಲಿ ಇಟ್ಟುಕೊಳ್ಳದೆ ದಿನಸಿ ಅಂಗಡಿಯವನ ಬಳಿ ಬಿಟ್ಟು, ದಿನದಿನದ ಊಟಕ್ಕೆ ಬೇಕಾದಷ್ಟನ್ನು ಅಲ್ಲಿಂದಲೇ ತರುತ್ತಿದ್ದರಂತೆ. ಪವಾಡವಿಲ್ಲ, ಉಪದೇಶವಿಲ್ಲ. ದುಡಿದು ತಿನ್ನುವ, ಆದರೆ ಹಣವನ್ನು ಮನೆಯೊಳಗೆ ಬಿಟ್ಟುಕೊಳ್ಳದ ಮನುಷ್ಯನೊಬ್ಬನ ದಿನಚರಿ ಅಷ್ಟೇ. ಮನೆಗೆ ನುಗ್ಗಿದ ಕಳ್ಳನಿಗೆ ಕದಿಯಲು ಏನೂ ಸಿಗದಿದ್ದಾಗ, ಬಂದದ್ದು ಬಂದೆ, ವುಝೂ ಮಾಡಿ ಎರಡು ರಕಅತ್ ನಮಾಝಾದರೂ ಮಾಡಿ ಹೋಗು ಎಂದು ಅವನನ್ನು ಪಳ್ಳಿಗೆ ಕರೆದೊಯ್ದ ಕಥೆಯೂ ಅಲ್ಲೇ ಇದೆ.

ನಿಶಾಪುರದ ಪಾರ್ಸಿ ಕವಿ ಅತ್ತಾರರ ಹೊತ್ತಿಗೆ ಚಿತ್ರ ಪೂರಾ ಬದಲಾಗಿತ್ತು. ಅವರ ‘ತದ್‌ಕಿರತುಲ್ ಔಲಿಯಾ’ದಲ್ಲಿ ಮಾಲಿಕ್ ಹಡಗು ಹತ್ತುತ್ತಾರೆ. ಬಾಡಿಗೆ ಕೊಡಲು ಕಾಸಿಲ್ಲದೆ ನಾವಿಕರಿಂದ ಪೆಟ್ಟು ತಿನ್ನುತ್ತಾರೆ. ಆಗ ಮೀನುಗಳು ಬಾಯಲ್ಲಿ ದೀನಾರ್ ಕಚ್ಚಿಕೊಂಡು ನೀರಿನಿಂದ ಮೇಲೆ ಬರುತ್ತವೆ. ಹೀಗೆ ಬಸ್ರಾದ ಲಿಪಿಕಾರ ಸಮುದ್ರಕ್ಕೆ ಇಳಿದರು. ಕರಾವಳಿಯ ನೆನಪಿಗೆ ಹೊಂದುವಂಥ ಮಾಲಿಕ್ ಇವರೇ ಇರಬಹುದು.

ಗುರುವಿನ ಬಗ್ಗೆಯೂ ತಕರಾರು

ಮಾಲಿಕರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅವರ ಗುರು ಹಸನ್ ಅಲ್ ಬಸ್ರಿಯವರನ್ನು ನೋಡಲೇಬೇಕು. 642ರಲ್ಲಿ ಮದೀನಾದಲ್ಲಿ ಹುಟ್ಟಿದ ಹಸನ್ ಬೆಳೆದ ಮೇಲೆ ಪೂರ್ವದ ದಂಡಯಾತ್ರೆಗಳಿಗೆ ಹೋಗಿ ಬಂದು ಬಸ್ರಾದಲ್ಲಿ ನೆಲೆಸಿದರು. ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝರ ಆಳ್ವಿಕೆಯಲ್ಲಿ, ಅಂದರೆ 717ರಿಂದ 720ರ ನಡುವೆ, ಕೆಲಕಾಲ ಅಲ್ಲಿನ ಖಾಝಿಯೂ ಆಗಿದ್ದರು. ತೀರಿಕೊಂಡದ್ದು 728ರಲ್ಲಿ. ವ್ಯಾಜ್ಯ ಇತ್ಯರ್ಥ ಮಾಡುವ ಖಾಝಿ, ಲೋಕವನ್ನು ನಂಬಬೇಡಿ ಎಂದು ಅಳುವ ವಿರಾಗಿ, ಇಬ್ಬರೂ ಒಬ್ಬರಲ್ಲೇ ಇದ್ದ ಕಾಲ ಅದು. ಫಿಕ್ಹ್ ಎಂಬ ಧರ್ಮಕಾನೂನು ಬೇರೆ, ತಸವ್ವುಫ್ ಎಂಬ ಸೂಫಿ ಹಾದಿ ಬೇರೆ ಎಂಬ ಗೆರೆ ಇನ್ನೂ ಬಿದ್ದಿರಲಿಲ್ಲ.

ಈ ಹಸನರನ್ನು ಆಮೇಲೆ ಎಲ್ಲರೂ ತಮ್ಮವರೆಂದರು. ಮನುಷ್ಯನಿಗೆ ಇಚ್ಛಾಸ್ವಾತಂತ್ರ್ಯವಿದೆ ಎನ್ನುವ ಪಂಥದವರು ಅವರು ಖಲೀಫಾ ಅಬ್ದುಲ್ ಮಲಿಕರಿಗೆ ಬರೆದರೆನ್ನಲಾದ ಪತ್ರವನ್ನು ತೋರಿಸಿದರು. ಹೆಲ್ಮುಟ್ ರಿಟ್ಟರ್ 1933ರಲ್ಲಿ ಅದನ್ನು ಅಚ್ಚು ಹಾಕಿಸಿದಾಗ ಇಸ್ಲಾಮಿನ ಅತ್ಯಂತ ಹಳೆಯ ಧರ್ಮಚರ್ಚೆ ಸಿಕ್ಕಿತೆಂದು ವಿದ್ವಾಂಸರು ಹಿಗ್ಗಿದರು. 1981ರಲ್ಲಿ ಮೈಕೆಲ್ ಕುಕ್ ಅದರ ಕಾಲವನ್ನು ಪ್ರಶ್ನಿಸಿದರು. 2006ರಲ್ಲಿ ಸುಲೈಮಾನ್ ಮುರಾದ್ ಇನ್ನೂ ಮುಂದೆ ಹೋಗಿ, ಪತ್ರ ಹಸನರದಲ್ಲ, ನಮಗೆ ಗೊತ್ತಿರುವ ಹಸನರೇ ಬಹುಪಾಲು ನಂತರದವರು ಕಟ್ಟಿದ ಮೂರ್ತಿ ಎಂದು ವಾದಿಸಿದರು. ಸೂಫಿಗಳ ಜಗಳ ಬೇರೆಯದು. ಕಲಬುರಗಿಯ ಬಂದೇನವಾಝರ ಚಿಶ್ತಿ ಪರಂಪರೆ ಹಸನರ ಮೂಲಕವೇ ಹಝ್ರತ್ ಅಲಿಯವರನ್ನು ಮುಟ್ಟುತ್ತದೆ. ಆದರೆ ಹಸನರು ಅಲಿಯವರಿಂದ ನೇರವಾಗಿ ಏನನ್ನೂ ಪಡೆದಿಲ್ಲ ಎಂದು 18ನೇ ಶತಮಾನದ ದಿಲ್ಲಿಯಲ್ಲಿ ಶಾಹ್ ವಲಿಯುಲ್ಲಾ ಬರೆದರು. ಚಿಶ್ತಿ ಗುರು ಫಖ್ರುದ್ದೀನ್ ದೆಹ್ಲವಿ ಅದಕ್ಕೆ ಉತ್ತರವಾಗಿ ಒಂದು ಗ್ರಂಥವನ್ನೇ ರಚಿಸಬೇಕಾಯಿತು. ಗುರುವಿನ ಹೆಸರಿಗೇ ಇಷ್ಟು ಹಕ್ಕುದಾರರಿದ್ದ ಮೇಲೆ ಶಿಷ್ಯರ ಹೆಸರಿಗೆ ಮಲಬಾರಿನಲ್ಲೊಬ್ಬ ಹಕ್ಕುದಾರ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಪೆರುಮಾಳನ ಕಥೆ ಮತ್ತು ಹತ್ತು ಪಳ್ಳಿಗಳು

ಕಥೆಯ ಪೂರ್ಣ ರೂಪ ಸಿಗುವುದು 1583ರ ಹೊತ್ತಿಗೆ ಪೊನ್ನಾನಿಯ ಶೈಖ್ ಝೈನುದ್ದೀನ್ ಮಖ್ದೂಮ್ ಅರಬ್ಬಿಯಲ್ಲಿ ಬರೆದ ‘ತುಹ್ಫತುಲ್ ಮುಜಾಹಿದೀನ್’ನಲ್ಲಿ. ಸಿಂಹಳದ ಆದಮರ ಪಾದ ನೋಡಲು ಹೊರಟ ಕೆಲವು ಫಕೀರರು ಕೊಡುಂಗಲ್ಲೂರಿಗೆ ಬರುತ್ತಾರೆ. ಚಂದ್ರ ಎರಡು ಹೋಳಾದ ಪವಾಡವನ್ನು ಅವರ ಬಾಯಿಂದ ಕೇಳಿದ ಅಲ್ಲಿನ ರಾಜ ಪೆರುಮಾಳ್ ನಾಡನ್ನು ಸಾಮಂತರಿಗೆ ಹಂಚಿ, ಗುಟ್ಟಾಗಿ ಹಡಗು ಹತ್ತಿ ಅರೇಬಿಯಾದ ಶಿಹ್ರ್ ಬಂದರಿಗೆ ಹೋಗಿ ಅಲ್ಲಿ ತೀರಿಕೊಳ್ಳುತ್ತಾನೆ. ಸಾಯುವ ಮೊದಲು ಅವನು ಬರೆಸಿದ ಕಾಗದ ಹಿಡಿದು ಶರಫ್ ಬಿನ್ ಮಾಲಿಕ್, ಮಾಲಿಕ್ ಬಿನ್ ದೀನಾರ್ ಮತ್ತು ಮಾಲಿಕ್ ಬಿನ್ ಹಬೀಬ್ ಕುಟುಂಬ ಸಮೇತ ಮಲಬಾರಿಗೆ ಬರುತ್ತಾರೆ.

ಪಳ್ಳಿಗಳು ಕಟ್ಟಲ್ಪಟ್ಟದ್ದು ಆಮೇಲೆ: ಕೊಡುಂಗಲ್ಲೂರು, ಕೊಲ್ಲಂ, ಏಳಿಮಲೆಯ ಬಳಿಯ ಮಾಡಾಯಿ, ಬಾರ್ಕೂರು, ಮಂಗಳೂರು, ಕಾಸರಗೋಡು, ಶ್ರೀಕಂಠಾಪುರ, ಧರ್ಮಡಂ, ಪಂದಲಾಯಿನಿ, ಚಾಲಿಯಂ. ಹತ್ತರಲ್ಲಿ ಮೂರು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯವು. ಒಂದೊಂದು ಪಳ್ಳಿಗೂ ಒಬ್ಬೊಬ್ಬ ಖಾಝಿ ನೇಮಕವಾದರೆಂದು ಪರಂಪರೆ ಹೇಳುತ್ತದೆ. ಮಂಗಳೂರಿಗೆ ಮೂಸಾ ಬಿನ್ ಮಾಲಿಕ್, ಬಾರ್ಕೂರಿಗೆ ಇಬ್ರಾಹಿಂ ಬಿನ್ ಮಾಲಿಕ್, ಕಾಸರಗೋಡಿಗೆ ಮಾಲಿಕ್ ಬಿನ್ ಮುಹಮ್ಮದ್. ತಳಂಗರೆಯಲ್ಲಿ ಇಂದಿಗೂ ಝಿಯಾರತ್ ನಡೆಯುವುದು ಈ ಮಾಲಿಕ್ ಬಿನ್ ಮುಹಮ್ಮದರ ಖಬರಿಗೆ.

ಇಲ್ಲೊಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ‘ತುಹ್ಫತ್’ ಪ್ರಕಾರ ಮಾಲಿಕ್ ಬಿನ್ ದೀನಾರ್ ಕೊಡುಂಗಲ್ಲೂರಿನಲ್ಲೇ ಉಳಿಯುತ್ತಾರೆ. ಊರೂರು ತಿರುಗಿ ಪಳ್ಳಿ ಕಟ್ಟಿದವರು ಮಾಲಿಕ್ ಬಿನ್ ಹಬೀಬ್. ಅಂದರೆ ತಳಂಗರೆಯ ಪಳ್ಳಿ ಯಾರ ಹೆಸರಿನಲ್ಲಿದೆಯೋ ಅವರು ಅದನ್ನು ಕಟ್ಟಿದರೆಂದು ಮೂಲಗ್ರಂಥವೇ ಹೇಳುವುದಿಲ್ಲ. ಮಂಗಳೂರಿನ ಬಂದರಿನ ಝೀನತ್ ಬಕ್ಷ್ ಪಳ್ಳಿಯ ಪರಂಪರೆ ಹಬೀಬ್ ಬಿನ್ ಮಾಲಿಕರ ಹೆಸರು ಹೇಳುತ್ತದೆ. ಹೆಸರು ತಿರುವು ಮುರುವಾದರೂ ಗ್ರಂಥಕ್ಕೆ ಹತ್ತಿರವಾದದ್ದು ಅದೇ.

ಪರಂಪರೆಯ ವಾದ

ಊರಿನ ಪರಂಪರೆ ಎಲ್ಲವನ್ನೂ ಪ್ರವಾದಿಯವರ ಕಾಲಕ್ಕೆ, ಇಲ್ಲವೆ ಅದರ ಬೆನ್ನಿಗೇ ಒಯ್ಯುತ್ತದೆ. ಕೊಡುಂಗಲ್ಲೂರಿನ ಚೇರಮಾನ್ ಪಳ್ಳಿಗೆ 629, ತಳಂಗರೆಗೆ ಹಿಜರಿ 22 ಅಂದರೆ 642–43, ಮಂಗಳೂರಿಗೆ 644. ಇದನ್ನು ನಂಬುವವರ ವಾದದಲ್ಲಿ ತಿರುಳಿಲ್ಲವೆನ್ನುವಂತಿಲ್ಲ. ಇಸ್ಲಾಂ ಹುಟ್ಟುವ ಎಷ್ಟೋ ಮೊದಲೇ ಅರಬ ಹಡಗುಗಳು ಒಳ್ಳೆಮೆಣಸಿಗಾಗಿ ಇಲ್ಲಿಗೆ ಬರುತ್ತಿದ್ದವು. ಮಾನ್ಸೂನ್ ಗಾಳಿ ಹಿಡಿದರೆ ಅರೇಬಿಯಾದಿಂದ ಮಲಬಾರಿಗೆ ಕೆಲವೇ ವಾರಗಳ ದಾರಿ. ಸರಕು ಬಂದ ದಾರಿಯಲ್ಲಿ ಸುದ್ದಿ ಬರಲು ಇನ್ನೂರು ವರ್ಷ ಏಕೆ ಬೇಕು ಎಂದು ಅವರು ಕೇಳುತ್ತಾರೆ. ಖಾಝಿ ಮನೆತನಗಳ ನೆನಪು, ಒಂದಕ್ಕೊಂದು ಹೊಂದುವ ಪಳ್ಳಿಗಳ ಪಟ್ಟಿ, ಝಿಯಾರತ್ತಿನ ಅಖಂಡ ರೂಢಿ ಇವನ್ನೆಲ್ಲ ಈ ಪಕ್ಷ ಸಲೀಸಾಗಿ ವಿವರಿಸುತ್ತದೆ.

ತೊಡಕು ಬಸ್ರಾವನ್ನು ಜೊತೆಗೆ ತಂದಾಗ ಹುಟ್ಟುತ್ತದೆ. ಹಿಜರಿ 22ರಲ್ಲಿ ಬಸ್ರಾ ಇನ್ನೂ ಕೆಲವೇ ವರ್ಷ ಹಳೆಯ ದಂಡಿನ ಪಾಳೆಯ. ಮಾಲಿಕರ ಗುರು ಹಸನ್ ಆಗ ಮದೀನಾದಲ್ಲಿ ತೊಟ್ಟಿಲ ಕೂಸು. ಗುರುವೇ ತೊಟ್ಟಿಲಲ್ಲಿರುವಾಗ ಶಿಷ್ಯರು ತಳಂಗರೆಯಲ್ಲಿ ಪಳ್ಳಿಗೆ ಅಡಿಗಲ್ಲು ಇಟ್ಟರೆಂದರೆ ಲೆಕ್ಕ ಕೂಡುವುದಿಲ್ಲ. ಇದನ್ನು ಬಲ್ಲ ಪರಂಪರೆಯವರು ಇನ್ನೊಂದು ದಾರಿ ಹುಡುಕುತ್ತಾರೆ: ನಮ್ಮ ಮಾಲಿಕ್ ದೀನಾರ್ ಬೇರೆ, ಅದೇ ಹೆಸರಿನ ಇನ್ನೊಬ್ಬರು, ಪ್ರವಾದಿಯವರನ್ನು ಕಂಡ ಸಹಾಬಿ. ಆಗ ವರ್ಷದ ತೊಡಕು ಬಗೆಹರಿಯುತ್ತದೆ. ಆದರೆ ಕುರ್‌ಆನ್ ಬರೆದ ವಿರಾಗಿ, ಕಳ್ಳನ ಕಥೆ, ಅತ್ತಾರರ ಮೀನು ಎಲ್ಲವನ್ನೂ ಬಿಟ್ಟುಕೊಡಬೇಕಾಗುತ್ತದೆ. ಪ್ರವಚನಕಾರರು ಅದಕ್ಕೆ ಒಪ್ಪುವುದು ಕಷ್ಟ.

ಪೊನ್ನಾನಿಯ ಪಂಡಿತರ ಸಂಶಯ

ಕಥೆಯನ್ನು ಬರೆದಿಟ್ಟ ಝೈನುದ್ದೀನ್ ಮಖ್ದೂಮರೇ ಅದರ ಕಾಲವನ್ನು ಮೊದಲು ಪ್ರಶ್ನಿಸಿದವರು. ನಿಶ್ಚಿತ ವರ್ಷ ತಿಳಿಯದು, ಬಹುಶಃ ಹಿಜರಿ ಇನ್ನೂರರ ನಂತರ ಎಂದು ಅವರು ಬರೆದರು. ರಾಜ ಪ್ರವಾದಿಯವರ ಕಾಲದವನೆಂದು ಮಲಬಾರಿನ ಜನ ಹೇಳುವ ಮಾತಿಗೆ ಆಧಾರ ಸಾಲದು ಎಂದರು. ಅವನ ಸಮಾಧಿ ಶಿಹ್ರ್‌ನಲ್ಲಲ್ಲ, ಝಫಾರ್‌ನಲ್ಲಿದೆ ಎಂಬುದೇ ಪ್ರಸಿದ್ಧ ಎಂದೂ ಸೇರಿಸಿದರು.

ಈ ಮಾತಿನ ತೂಕ ತಿಳಿಯಬೇಕಾದರೆ ಹೇಳಿದವರು ಯಾರೆಂದು ನೋಡಬೇಕು. ಮಲಬಾರಿನಿಂದ ಜಾವಾದವರೆಗೆ ದರ್ಸ್ ಎಂಬ ಮತಪಾಠಗಳಲ್ಲಿ ಇಂದಿಗೂ ಓದಿಸುವ ಶಾಫಿ ಕಾನೂನಿನ ‘ಫತ್‌ಹುಲ್ ಮುಈನ್’ ಇದೇ ಝೈನುದ್ದೀನರದು. ಕೊಡಗಿನ ಮುಸ್ಲಿಯಾರರೂ ಕಲಿಯುವುದು ಅದನ್ನೇ. ಸಾಕ್ಷಿಯ ಯೋಗ್ಯತೆ ಅಳೆದು ತೀರ್ಪು ಕೊಡುವ ಫಿಕ್ಹ್ ಪಂಡಿತರ ಕಣ್ಣು ಇತಿಹಾಸದಲ್ಲೂ ಕೆಲಸ ಮಾಡಿದೆ. ಪೋರ್ಚುಗೀಸರ ವಿರುದ್ಧ ಜನರನ್ನು ಹುರಿದುಂಬಿಸಲು ಬರೆದ ಪುಸ್ತಕದಲ್ಲಿ ಸಮುದಾಯದ ಹೆಮ್ಮೆಯ ಕಥೆಯನ್ನೇ ಹೀಗೆ ತೂಗಿ ನೋಡುವ ಧೈರ್ಯ ಸಣ್ಣದಲ್ಲ. ಈಚಿನವರು ಅವರನ್ನು ಕಥೆಗೆ ಸಾಕ್ಷಿಯಾಗಿ ಕರೆಯುತ್ತಾರೆ, ಅವರ ಸಂಶಯವನ್ನು ಮಾತ್ರ ಕೈಬಿಡುತ್ತಾರೆ.

ಲೋಗನ್‌ರಿಂದ ಎಂ.ಜಿ.ಎಸ್.ವರೆಗೆ

ಬ್ರಿಟಿಷರ ಕಾಲದಲ್ಲಿ ಚರ್ಚೆ ಪೆರುಮಾಳನ ಕಡೆಗೆ ವಾಲಿತು. ಕೇರಳದ ದಂತಕಥೆಗಳ ಸಂಗ್ರಹ ‘ಕೇರಳೋತ್ಪತ್ತಿ’ಯನ್ನು ಹರ್ಮನ್ ಗುಂಡರ್ಟ್ 1843ರಲ್ಲಿ ಅಚ್ಚು ಹಾಕಿಸಿದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. 1887ರ ‘ಮಲಬಾರ್ ಮ್ಯಾನ್ಯುಯಲ್’ನಲ್ಲಿ ವಿಲಿಯಂ ಲೋಗನ್ ಝಫಾರಿನ ಸಮಾಧಿಯ ವಿಷಯ ಎತ್ತಿದರು. ಅಲ್ಲಿ ಹಿಜರಿ 212ರಲ್ಲಿ ಬಂದು 216ರಲ್ಲಿ ತೀರಿಕೊಂಡನೆಂದು ಬರೆದಿದೆಯಂತೆ ಎಂದು ಕೇಳಿದ್ದನ್ನು ಆಧರಿಸಿ, 825ರಲ್ಲಿ ಶುರುವಾಗುವ ಕೊಲ್ಲಂ ಶಕೆಗೂ ಪೆರುಮಾಳನ ಪ್ರಯಾಣಕ್ಕೂ ಗಂಟು ಹಾಕಿದರು. ಝೈನುದ್ದೀನರ ಅಂದಾಜಿಗೂ ಇದು ಹೊಂದಿತು. ಕೇಳಿದ ಮಾತಿನ ಮೇಲೆ ಕಟ್ಟಿದ ವಾದ ಎನ್ನುವುದೇ ಅದರ ಕೊರೆ.

20ನೇ ಶತಮಾನದ ಕೇರಳದ ಇತಿಹಾಸಕಾರರಲ್ಲಿ ಅನೇಕರು ಇಡೀ ಕಥೆಯನ್ನೇ ತಳ್ಳಿಹಾಕಿದರು. ಎ. ಶ್ರೀಧರ ಮೆನನ್ ಅವರಲ್ಲೊಬ್ಬರು. ಎಂ.ಜಿ.ಎಸ್. ನಾರಾಯಣನ್ ಇನ್ನೊಂದು ಹಾದಿ ಹಿಡಿದರು. ಶಾಸನಗಳಿಂದ ಪೆರುಮಾಳ್ ಅರಸರ ವಂಶಾವಳಿಯನ್ನು ಕಟ್ಟಿ, ಕೊನೆಯವನಾದ ರಾಮ ಕುಲಶೇಖರ 1122ರ ಸುಮಾರಿಗೆ ಕಣ್ಮರೆಯಾಗುವುದನ್ನು ತೋರಿಸಿದರು. ಮಾಡಾಯಿ ಪಳ್ಳಿಯ ಶಾಸನದ್ದೆಂದು ಹೇಳುವ ಕಾಲ ಹಿಜರಿ 518, ಅಂದರೆ 1124. ಎರಡನ್ನೂ ಪಕ್ಕಪಕ್ಕ ಇಟ್ಟು, ಕಥೆಯೊಳಗೆ ಸತ್ಯದ ಬೀಜವಿದ್ದರೆ ಅದು 12ನೇ ಶತಮಾನದ್ದು ಎಂದರು. ರಾಜ ಏಕೆ ಮಾಯವಾದ, ನಾಡು ಏಕೆ ತುಂಡಾಯಿತು, ಹಳೆಯ ಪಳ್ಳಿಗಳು ಆ ಹೊತ್ತಿಗೇ ಏಕೆ ಎದ್ದವು ಎಂಬುದಕ್ಕೆಲ್ಲ ಅವರ ವಾದದಲ್ಲಿ ಉತ್ತರವಿದೆ. ಮಾಲಿಕ್ ದೀನಾರ್ ಯಾರು ಎಂಬುದಕ್ಕಿಲ್ಲ.

ಬರೆಯದೆ ಬಿಟ್ಟವರು

ಈ ವಿಷಯದಲ್ಲಿ ಬರೆದವರಷ್ಟೇ ಬರೆಯದವರೂ ಮುಖ್ಯ. 849ರ ಕೊಲ್ಲಂ ತಾಮ್ರಶಾಸನಕ್ಕೆ ಸಾಕ್ಷಿಗಳಾಗಿ ಕೂಫಿ ಅಕ್ಷರದಲ್ಲಿ ರುಜು ಹಾಕಿದ ಮುಸ್ಲಿಂ ವರ್ತಕರಿದ್ದಾರೆ. ಮಲಬಾರಿನಲ್ಲಿ ಮುಸ್ಲಿಮರಿದ್ದರೆಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ. ಆದರೆ ಎರಡೇ ವರ್ಷದ ನಂತರ, 851ರಲ್ಲಿ, ಸುಲೈಮಾನ್ ಎಂಬ ವರ್ತಕನದೆಂದು ಹೇಳುವ ಅರಬ್ಬಿ ಬರಹ, ಹಿಂದೂದೇಶದವರಲ್ಲಾಗಲಿ ಚೀನೀಯರಲ್ಲಾಗಲಿ ಇಸ್ಲಾಂ ಸೇರಿದವರು ತನಗೆ ಗೊತ್ತಿಲ್ಲ ಎನ್ನುತ್ತದೆ. ಎರಡನ್ನೂ ಸೇರಿಸಿ ಓದಿದರೆ ಕಾಣುವುದು ಬಂದರುಗಳಲ್ಲಿ ತಂಗಿದ ಪರದೇಶಿ ವರ್ತಕರು ಮಾತ್ರ.

1342ರ ಸುಮಾರಿಗೆ ಇಬ್ನ್ ಬತೂತಾ ಇದೇ ಬಂದರುಗಳನ್ನು ಹಾದುಹೋದರು. ಮಂಗಳೂರಿನಲ್ಲಿ ನಾಲ್ಕು ಸಾವಿರದಷ್ಟು ಮುಸ್ಲಿಮರನ್ನು, ಶಾಫಿ ಪಂಥದ ಬದ್ರುದ್ದೀನ್ ಎಂಬ ಖಾಝಿಯನ್ನು ಕಂಡರು. ಏಳಿಮಲೆಯ ಪಳ್ಳಿಗೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವುದನ್ನು, ನಾವಿಕರು ಹರಕೆ ಒಪ್ಪಿಸುವುದನ್ನು, ಅಲ್ಲಿ ಓದುವ ಮಕ್ಕಳಿಗೆ ಪಳ್ಳಿಯಿಂದಲೇ ಖರ್ಚಿಗೆ ಸಿಗುವುದನ್ನು ಬರೆದರು. ಮಾಲಿಕ್ ದೀನಾರರ ಹೆಸರನ್ನು, ಅರೇಬಿಯಾಕ್ಕೆ ಹೊರಟ ಪೆರುಮಾಳನನ್ನು ಎಲ್ಲೂ ಎತ್ತಲಿಲ್ಲ. ಕರಾಮತ್ತು ಕಥೆಗಳೆಂದರೆ ಪ್ರಾಣ ಬಿಡುತ್ತಿದ್ದ ಪ್ರವಾಸಿ ಅವರು. ಇಂಥ ಕಥೆ ಕಿವಿಗೆ ಬಿದ್ದಿದ್ದರೆ ಬಿಡುತ್ತಿರಲಿಲ್ಲ.

ಬಸ್ರಾದ ಕಡೆಯ ಮೌನ ಇನ್ನೂ ದೊಡ್ಡದು. ಹಸನರ ಶಿಷ್ಯವರ್ಗದಲ್ಲಿ ಭಾರತದ ತೀರಕ್ಕೆ ನಿಜವಾಗಿ ಬಂದವರೊಬ್ಬರಿದ್ದಾರೆ: ರಬೀಅ್ ಬಿನ್ ಸಬೀಹ್. ವಿರಾಗಿ, ಹದೀಸ್ ಪಂಡಿತ. ಖಲೀಫಾ ಮಹ್ದಿ ಕಳಿಸಿದ ನೌಕಾದಂಡಿನಲ್ಲಿ ಗುಜರಾತಿನ ಭರೂಚ್ ಸಮೀಪದ್ದೆಂದು ಗುರುತಿಸಲಾದ ಊರಿಗೆ ಬಂದು, ದಂಡಿಗೆ ಬಡಿದ ಸಾಂಕ್ರಾಮಿಕ ರೋಗದಲ್ಲಿ ಹಿಜರಿ 160ರಲ್ಲಿ ತೀರಿಕೊಂಡರು. ಇತಿಹಾಸಕಾರ ತಬರಿ ಇದನ್ನು ಬರೆದಿದ್ದಾರೆ, ಚರಿತ್ರಕೋಶಗಳೂ ಬರೆದಿವೆ. ರಬೀಅರಿಗಿಂತ ಹೆಚ್ಚು ಪ್ರಸಿದ್ಧರಾದ ಮಾಲಿಕ್ ಹಿಂದೂದೇಶಕ್ಕೆ ಬಂದು ರಾಜರಿಂದ ಭೂಮಿ ಪಡೆದು ಹತ್ತು ಪಳ್ಳಿಗಳಿಗೆ ಕಾರಣರಾಗಿದ್ದರೆ ಇವರೆಲ್ಲ ಬಾಯಿ ಬಿಡುತ್ತಿರಲಿಲ್ಲವೇ? ಬಸ್ರಾದ ಮಾಲಿಕ್ ಇಲ್ಲಿಗೆ ಬಂದಿರಲಿಲ್ಲ ಎಂಬ ತೀರ್ಮಾನಕ್ಕೆ ನನ್ನನ್ನು ಒಯ್ಯುವುದು ವರ್ಷಗಳ ಲೆಕ್ಕಕ್ಕಿಂತ ಹೆಚ್ಚಾಗಿ ಇದೇ.

ಕಥೆಯನ್ನೇ ದಾಖಲೆಯಾಗಿ ಓದುವವರು

1975ರಲ್ಲಿ ಯೋಹಾನನ್ ಫ್ರೀಡ್‌ಮನ್ ‘ಕಿಸ್ಸತ್ ಶಕರ್ವತಿ ಫರ್ಮಾಳ್’ ಎಂಬ ಅರಬ್ಬಿ ಹಸ್ತಪ್ರತಿಯನ್ನು ಬೆಳಕಿಗೆ ತಂದ ಮೇಲೆ ಚರ್ಚೆಯ ದಿಕ್ಕು ಬದಲಾಯಿತು. ಇದು ಅದೇ ಕಥೆಯ ಇನ್ನೊಂದು ರೂಪ, ಝೈನುದ್ದೀನರ ಎಚ್ಚರಿಕೆ ಇಲ್ಲದ ರೂಪ. ಇಲ್ಲಿ ರಾಜ ಪ್ರವಾದಿಯವರನ್ನೇ ಕಾಣುತ್ತಾನೆ. 2017ರಲ್ಲಿ ಸ್ಕಾಟ್ ಕೂಗಲ್ ಮತ್ತು ರೊಕ್ಸಾನಿ ಮಾರ್ಗರಿಟಿ ಇದೇ ಹಸ್ತಪ್ರತಿಯನ್ನು ಹಿಂದೂ ಮಹಾಸಾಗರದ ಬೇರೆ ಸಮುದಾಯಗಳ ಮೂಲಕಥೆಗಳ ಜೊತೆ ಇಟ್ಟು ಓದಿದರು. ಸೆಬಾಸ್ಟಿಯನ್ ಪ್ರಾಂಗೆ 2018ರ ತಮ್ಮ ‘ಮಾನ್ಸೂನ್ ಇಸ್ಲಾಂ’ನಲ್ಲಿ ಈ ಕಥೆಯನ್ನು ಬಂದರು ಸಮಾಜದ ಒಡಂಬಡಿಕೆಯಂತೆ ನೋಡಿದರು.

ಇವರ ದೃಷ್ಟಿ ಒಟ್ಟಿನಲ್ಲಿ ಹೀಗೆ: ಘಟನೆ ನಡೆಯಿತೇ ಎಂದು ಕೇಳುವುದಕ್ಕಿಂತ, ಕಥೆ ಯಾರಿಗೆ ಏಕೆ ಬೇಕಿತ್ತು ಎಂದು ಕೇಳಬೇಕು. ಪಳ್ಳಿಗಳ ಪಟ್ಟಿಯನ್ನು ಇಬ್ನ್ ಬತೂತಾ ಇಳಿದ ಬಂದರುಗಳ ಮೇಲಿಟ್ಟು ನೋಡಿದರೆ ಬಹುಪಾಲು ಒಂದರ ಮೇಲೊಂದು ಕೂರುತ್ತವೆ. 12ನೇ 13ನೇ ಶತಮಾನಗಳ ವ್ಯಾಪಾರ ಜಾಲವೇ ಕಥೆಯ ನಕ್ಷೆಯಾಗಿದೆ. ಅದೇ ಜಾಲದಲ್ಲಿ 1130ರ ದಶಕದಿಂದ 1149ರವರೆಗೆ ಮಂಗಳೂರಿನಲ್ಲಿ ವ್ಯಾಪಾರ ಮಾಡಿದ ಯಹೂದಿ ಅಬ್ರಹಾಂ ಬೆನ್ ಯಿಜು ಇದ್ದರು. ಅವರಿಗೂ ಏಡನ್, ಕೈರೋಗಳಿಗೂ ಓಡಾಡಿದ ಕಾಗದಗಳು ಕೈರೋದ ಸಿನಗಾಗಿನ ಉಗ್ರಾಣದಲ್ಲಿ ಸಿಕ್ಕಿವೆ. ಇಲ್ಲಿ ನೆಲೆನಿಂತ ಮುಸ್ಲಿಂ ವರ್ತಕರಿಗೆ, ನಾವು ದಾಳಿಯಿಂದ ಬಂದವರಲ್ಲ, ನಾಡಿನ ರಾಜನೇ ಕರೆಸಿಕೊಂಡು ನೆಲ ಕೊಟ್ಟವರು ಎಂದು ಹೇಳುವ ಕಥೆ ಬೇಕಿತ್ತು. ಸಾಮಂತರಿಗೂ ತಮ್ಮ ಅಧಿಕಾರ ಪೆರುಮಾಳನೇ ಹಂಚಿಕೊಟ್ಟದ್ದು ಎನ್ನುವ ಕಥೆ ಬೇಕಿತ್ತು. ಒಂದೇ ಕಥೆ ಇಬ್ಬರಿಗೂ ಒದಗಿತು.

ಈ ಓದು ನನಗೆ ಬಹುಮಟ್ಟಿಗೆ ಒಪ್ಪಿಗೆ. ಒಂದು ಅಸಮಾಧಾನವಿದೆ. ವ್ಯಾಪಾರದ ಕಣ್ಣಿನಿಂದಲೇ ನೋಡಿದರೆ ಮೂಲಪುರುಷ ಒಬ್ಬ ಸಾಹುಕಾರನೋ ನಾವಿಕನೋ ಆಗಬೇಕಿತ್ತು. ದಿನಸಿ ಅಂಗಡಿಯಲ್ಲಿ ಕೂಲಿ ಬಿಟ್ಟು ಬರುತ್ತಿದ್ದ ವಿರಾಗಿಯ ಹೆಸರು ಏಕೆ ಬಂತು? ಉತ್ತರ ಪೊನ್ನಾನಿಯಲ್ಲಿದೆ ಎಂದು ನನಗೆ ಅನಿಸುತ್ತದೆ. ಅಲ್ಲಿನ ಮಖ್ದೂಮರು ಖಾಝಿಗಳಿಗೆ ಪಾಠ ಹೇಳುವ ಕಾನೂನು ಪಂಡಿತರೂ ಹೌದು, ಸೂಫಿಗಳೂ ಹೌದು. ‘ತುಹ್ಫತ್’ ಬರೆದವರ ಅಜ್ಜ, ಹಿರಿಯ ಝೈನುದ್ದೀನ್ ಮಖ್ದೂಮ್, ವೈರಾಗ್ಯದ ಹಾದಿಯ ಮೇಲೆ ರಚಿಸಿದ ‘ಅದ್‌ಕಿಯಾ’ ದರ್ಸ್‌ಗಳಲ್ಲಿ ಈಗಲೂ ನಡೆಯುತ್ತದೆ. ಫಿಕ್ಹ್ ಮತ್ತು ಝುಹ್ದ್ (ವೈರಾಗ್ಯ) ಒಟ್ಟಿಗೇ ಇರಬೇಕೆಂದು ನಂಬಿದ ಗುರುಮನೆಗೆ, ಎರಡೂ ಇನ್ನೂ ಬೇರೆಯಾಗಿರದ ಬಸ್ರಾದ ಹಸನರ ಬಳಗಕ್ಕಿಂತ ಒಳ್ಳೆಯ ಹಿರಿಯರು ಎಲ್ಲಿ ಸಿಗಬೇಕು? ಕಥೆಯಲ್ಲಿ ಮಾಲಿಕ್ ವಿರಾಗಿಯ ಹೆಸರು ಹೊತ್ತವರು, ಅವರ ಬಳಗದ ಹಲವರು ಖಾಝಿಗಳು. ಹಸನರ ಬಳಗದಲ್ಲಿ ಮಾಲಿಕರ ಜೊತೆ ಹಬೀಬ್ ಅಲ್ ಅಜಮಿ ಎಂಬ ಹೆಸರಾಂತ ವಿರಾಗಿಯೂ ಇದ್ದರು. ಮಲಬಾರಿನ ಕಥೆಯಲ್ಲೂ ಒಬ್ಬ ಹಬೀಬರ ಮಗ ಇದ್ದಾರೆ. ಕಾಕತಾಳೀಯವೂ ಇರಬಹುದು. ನನ್ನ ಊಹೆಯನ್ನು ಊಹೆಯಾಗಿಯೇ ಮುಂದಿಡುತ್ತೇನೆ.

ಸುಬ್‌ಹಿಯ ಕುನೂತ್ ಹೇಳುವುದು

ಮೂರ್ನಾಡು, ನಾಪೋಕ್ಲು ಸುತ್ತಿನ ಪಳ್ಳಿಗಳಲ್ಲಿ ಬೆಳಗಿನ ಸುಬ್‌ಹಿ ನಮಾಝಿನ ಎರಡನೆಯ ರಕಅತ್ತಿನಲ್ಲಿ, ರುಕೂಇನಿಂದ ಎದ್ದ ಮೇಲೆ ಇಮಾಮರು ಎರಡೂ ಕೈ ಎತ್ತಿ ಕುನೂತ್ ಎಂಬ ಪ್ರಾರ್ಥನೆ ಹೇಳುತ್ತಾರೆ. ಹಿಂದೆ ನಿಂತವರು ಆಮೀನ್ ಎನ್ನುತ್ತಾರೆ. ಮಡಿಕೇರಿಯಂಥ ಪೇಟೆಯಲ್ಲಿ ಉರ್ದು ಮಾತಾಡುವವರ ಪಳ್ಳಿಗೆ ಹೋದರೆ ಸುಬ್‌ಹಿಗೆ ಇದಿಲ್ಲ, ಅಲ್ಲಿನ ಅಸರ್ ಬಾಂಗಿನ ಹೊತ್ತೂ ತಡ. ಮೊದಲಿನವರು ಶಾಫಿಗಳು, ಎರಡನೆಯವರು ಹನಫಿಗಳು. ಹನಫಿ ಪದ್ಧತಿ ದಖ್ಖನ್ನಿನಿಂದ, ಮೈಸೂರಿನ ಕಡೆಯಿಂದ ಬೆಟ್ಟ ಹತ್ತಿತು. ಶಾಫಿ ಪದ್ಧತಿ ಮಲಬಾರಿನಿಂದ, ತುಳುನಾಡಿನಿಂದ.

ಮಾಲಿಕ್ ದೀನಾರರ ಪ್ರಶ್ನೆಗೆ ಇದು ಪರೋಕ್ಷ ಸಾಕ್ಷಿ. ಇಮಾಂ ಶಾಫಿ ಹುಟ್ಟಿದ್ದು 767ರಲ್ಲಿ, ತೀರಿಕೊಂಡದ್ದು 820ರಲ್ಲಿ ಈಜಿಪ್ಟಿನಲ್ಲಿ. ಬಸ್ರಾದ ಮಾಲಿಕರು ಇಮಾಂ ಶಾಫಿ ಹುಟ್ಟುವ ಮೊದಲೇ ಕಣ್ಣು ಮುಚ್ಚಿದ್ದರು. ಹಿಜರಿ 22ರಲ್ಲಿ ಬಂದವರು ಯಾರೇ ಆಗಿರಲಿ, ಶಾಫಿ ನಮಾಝನ್ನು ತಂದಿರಲಾರರು. ಈಗ ಕರಾವಳಿ ಅನುಸರಿಸುವ ಕಾನೂನು ಆಮೇಲೆ ಬಂದದ್ದು, ಅದರಲ್ಲಿ ದೊಡ್ಡ ಪಾಲು ಯಮನ್ ಮತ್ತು ಹದ್ರಮೌತಿನ ಸಂಪರ್ಕದಿಂದ. ಅಂದರೆ ಮಾಲಿಕ್ ದೀನಾರರ ಕಥೆ ಒಂದು ಮೂಲವನ್ನು ಹೇಳುತ್ತದೆ, ಜನರ ನಮಾಝು ಇನ್ನೊಂದು ಮೂಲವನ್ನು ತೋರಿಸುತ್ತದೆ. ಪರಂಪರೆಯವರು ಇದಕ್ಕೆ ಉತ್ತರಿಸಬಹುದು: ಮೊದಲು ದೀನ್ (ಧರ್ಮ) ಬಂತು, ಆಮೇಲೆ ಮದ್ಹಬ್ (ಕಾನೂನು ಪಂಥ) ಬಂತು. ತಾರ್ಕಿಕವಾಗಿ ಸರಿಯೇ. ಆದರೆ ಮೊದಲ ಅಲೆಯ ನಮಾಝು ಹೇಗಿತ್ತು ಎಂಬುದಕ್ಕೆ ಒಂದು ಗುರುತೂ ಉಳಿದಿಲ್ಲದಿರುವುದನ್ನು ಅವರು ವಿವರಿಸಬೇಕಾಗುತ್ತದೆ.

ಬೆಟ್ಟ ಹತ್ತಿದ ಹೆಸರು

ಹತ್ತು ಪಳ್ಳಿಗಳ ಪಟ್ಟಿಯಲ್ಲಿ ಕೊಡಗಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಎಲ್ಲವೂ ಬಂದರುಗಳು ಅಥವಾ ಬಂದರಿಗೆ ಹೊಂದಿದ ಊರುಗಳು. ಕೊಡಗಿನ ಮುಸ್ಲಿಮರಲ್ಲಿ ಕಣ್ಣೂರು ಕಡೆಯಿಂದ ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆಗೆ ಬಂದ ಮಾಪಿಳ್ಳೆಯರಿದ್ದಾರೆ, ಪಾಣತ್ತೂರು, ಕರಿಕೆ ದಾರಿಯಲ್ಲಿ ಭಾಗಮಂಡಲದ ಕಡೆಗೆ ಬಂದವರಿದ್ದಾರೆ, ಸುಳ್ಯದ ಕಡೆಯಿಂದ ಬಂದ ಬ್ಯಾರಿಗಳಿದ್ದಾರೆ. ಕೊಡವ ಮನೆತನದ ಹೆಸರು, ರೂಢಿಗಳನ್ನು ಉಳಿಸಿಕೊಂಡ ಜಮ್ಮಾ ಮಾಪಿಳ್ಳೆಯರೂ ಇದ್ದಾರೆ. ಇವರೆಲ್ಲರ ಜೊತೆಗೆ ತಳಂಗರೆಯ ಹೆಸರು ಬೆಟ್ಟ ಹತ್ತಿತು.

ಬೆಟ್ಟಕ್ಕೆ ತನ್ನದೇ ಕೇಂದ್ರವೂ ಇದೆ. ನಾಪೋಕ್ಲು ಬಳಿಯ ಎಮ್ಮೆಮಾಡಿನಲ್ಲಿ ಸೂಫಿ ಶಹೀದರ ಜೊತೆಗೆ ಸಯ್ಯಿದ್ ಹಸನ್ ಸಖಾಫ್ ಅಲ್ ಹಳ್ರಮಿಯವರ ಉರೂಸ್ ನಡೆಯುತ್ತದೆ. ಎಲ್ಲ ಮತದವರೂ ಬರುತ್ತಾರೆ. ‘ಹಳ್ರಮಿ’ ಎಂದರೆ ಹದ್ರಮೌತಿನವರು. ಕಾನೂನಿನ ವಿಷಯದಲ್ಲಿ ನಮಾಝು ತೋರಿಸುವ ದಿಕ್ಕನ್ನೇ ಈ ಹೆಸರೂ ತೋರಿಸುತ್ತದೆ. ಕೊಡಗಿನ ಮುಸ್ಲಿಂ ನೆನಪಿನಲ್ಲಿ ಹೀಗೆ ಎರಡು ಅರೇಬಿಯಾಗಳಿವೆ: ಕಥೆಯ ಬಸ್ರಾ, ಸಯ್ಯಿದರ ಹದ್ರಮೌತ್.

ಇನ್ನೂ ಇತ್ಯರ್ಥವಾಗದ್ದು

ಬಸ್ರಾದ ಮಾಲಿಕರೂ ತಳಂಗರೆಯ ಮಾಲಿಕರೂ ಒಬ್ಬರೇ ಎಂಬ ವಾದ ಇತಿಹಾಸದ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಇಷ್ಟು ಮಟ್ಟಿಗೆ ಮಾತು ಮುಗಿದಿದೆ. ಆದರೆ ತಳಂಗರೆಯಲ್ಲಿ ಆ ಹೆಸರಿನ ಇನ್ನೊಬ್ಬರು ಇರಲೇ ಇಲ್ಲ ಎಂದು ಸಾಧಿಸಿದವರೂ ಇಲ್ಲ. ಹಿಜರಿ 22 ಎಂಬ ಕಾಲನಿರ್ದೇಶ ಯಾವ ಶತಮಾನದ ಕೈಬರಹದಲ್ಲಿ ಮೊದಲು ಕಾಣುತ್ತದೆ, ಮಾಡಾಯಿಯ 1124ನ್ನು ಎಷ್ಟು ನಂಬಬಹುದು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ‘ಕಿಸ್ಸತ್’ ಮೊದಲೋ ‘ತುಹ್ಫತ್’ ಮೊದಲೋ ಎಂಬುದೂ ತೆರೆದೇ ಇದೆ. ‘ಕಿಸ್ಸತ್’ ಹಳೆಯದಾದರೆ ಝೈನುದ್ದೀನರು ಅದನ್ನು ಓದಿಯೇ ತಿದ್ದಿದರೆಂದಾಗುತ್ತದೆ, ಆಗ ಅವರ ಸಂಶಯಕ್ಕೆ ಇನ್ನೂ ಹೆಚ್ಚು ಬೆಲೆ. 1342ರ ಪ್ರವಾಸಿಗೆ ಗೊತ್ತಿರದ ಕಥೆ 16ನೇ ಶತಮಾನದ ಹೊತ್ತಿಗೆ ಎಲ್ಲರ ಬಾಯಲ್ಲಿದ್ದುದು ಹೇಗೆ? ಆ ನಡುವಿನ ಇನ್ನೂರು ವರ್ಷಗಳಲ್ಲೇ ಅದು ಹುಟ್ಟಿತೇ, ಅಥವಾ ಕೊಡುಂಗಲ್ಲೂರಿನಲ್ಲಿ ಮಾತ್ರ ಇದ್ದದ್ದು ಉತ್ತರಕ್ಕೆ ಹರಡಿತೇ?

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ‘ತುಹ್ಫತ್’ನ ಕೊನೆಯ ಒಂದು ವಿವರ. ಪಳ್ಳಿಗಳೆಲ್ಲ ಆದ ಮೇಲೆ ಮಾಲಿಕ್ ಬಿನ್ ದೀನಾರ್ ಮಲಬಾರನ್ನು ಬಿಟ್ಟು, ಶಿಹ್ರ್‌ನಲ್ಲಿ ರಾಜನ ಸಮಾಧಿ ನೋಡಿ, ಖುರಾಸಾನಿಗೆ ಹೋಗಿ ಅಲ್ಲಿ ತೀರಿಕೊಂಡರಂತೆ. ಬಸ್ರಾದ ಮಾಲಿಕರು ಸತ್ತದ್ದು ಬಸ್ರಾದಲ್ಲಿ. ಕಥೆ ಕಟ್ಟುವವರಿಗೆ ಮೂಲಪುರುಷನ ಸಮಾಧಿ ತಮ್ಮ ಊರಲ್ಲೇ ಇದ್ದರೆ ಲಾಭ, ಆದರೆ ಇವರು ಅವರನ್ನು ಸಾವಿರಾರು ಮೈಲಿ ಆಚೆ ಕಳಿಸಿಬಿಟ್ಟಿದ್ದಾರೆ. ಖುರಾಸಾನ್ ಅತ್ತಾರರ ನಾಡು, ಬಸ್ರಾದ ವಿರಾಗಿಗಳ ಕಥೆಗಳು ಪಾರ್ಸಿಯಲ್ಲಿ ಬೆಳೆದ ನಾಡು. ಈ ವಿವರ ಆ ಪುಸ್ತಕಗಳ ದಾರಿಯಲ್ಲಿ ಮಲಬಾರಿಗೆ ಬಂತೋ, ಅಲ್ಲಿಂದ ಬಂದ ವರ್ತಕರ ಬಾಯಿಂದ ಬಂತೋ, ಅಥವಾ ಖುರಾಸಾನಿನಲ್ಲಿ ನಿಜಕ್ಕೂ ತೀರಿಕೊಂಡ ಬೇರೊಬ್ಬ ಮಾಲಿಕರ ನೆನಪೋ, ಈ ಮೂರರಲ್ಲಿ ಯಾವುದನ್ನು ಹಿಡಿದರೂ ಉಳಿದ ಕಥೆಯನ್ನು ಬೇರೆ ರೀತಿಯಲ್ಲೇ ಓದಬೇಕಾಗುತ್ತದೆ.